ತಲೆಗೊಂದು ತುಂಡು ವ್ಯಾಕರಣ

ಅಂಗಿಗೆ ಇಂಗ್ಲಿಷ್ ಬರಬೇಕಾಗಿರಲಿಲ್ಲ. ಹಡಗು ಹತ್ತಿ ಯಾವ ದೇಶಕ್ಕೆ ಹೋದರೂ ಅದು ಬಾಯಿ ತೆರೆಯದೆ ಮಾರಾಟವಾಗುತ್ತಿತ್ತು. ಆದರೆ ಅಂಗಿ ಹೊಲಿಯುವವಳಿಗೆ ಇಂಗ್ಲಿಷ್ ಬರಬೇಕು ಎಂದು ಒಂದು ಬೆಳಿಗ್ಗೆ ಸೂಪರ್‌ವೈಸರ್ ಕುರ್ಚಿಯ ಮೇಲೆ ನಿಂತು ಸಾರಿದ. ಅಂಗಿ ಕೊಳ್ಳುವ ಹೊಸ ವಿದೇಶಿ ವ್ಯಾಪಾರಿಗಳ ಕಡೆಯವರು ಕಾರ್ಖಾನೆ ನೋಡಲು ಬರುತ್ತಾರೆ, ಕೆಲಸದವರನ್ನು ನೇರವಾಗಿ ಮಾತಾಡಿಸುತ್ತಾರೆ. ಅದಕ್ಕೆ ಮುಂಚೆ ಆಫೀಸಿನಿಂದ ಪರೀಕ್ಷೆ. ಸರಿಯಾದ ಒಂದು ವಾಕ್ಯ ಕಟ್ಟಿ ಹೇಳಲಾರದವರು ಹೊಲಿಗೆ ಲೈನಿನಲ್ಲಿ ಇರುವಂತಿಲ್ಲ.

"ಇರುವಂತಿಲ್ಲ ಅಂದ್ರೆ?" ಎಂದು ಹಿಂದಿನಿಂದ ಒಂದು ದನಿ ಕೇಳಿತು.

"ಇರುವಂತಿಲ್ಲ ಅಂದ್ರೆ ಇರುವಂತಿಲ್ಲ. ಕನ್ನಡಾನೂ ಮರೆತುಹೋಯ್ತಾ?" ಎಂದು ಅವನು ಕುರ್ಚಿಯಿಂದ ಇಳಿದ.

ಕೇಳಿದವಳು ಗುಂಡಿ. ಅಂಗಿಗೆ ಗುಂಡಿ ಹಚ್ಚುವುದು ಅವಳ ಕೆಲಸ. ಅದೇ ಅವಳ ಹೆಸರೂ ಆಗಿಹೋಗಿತ್ತು. ಈ ಲೈನಿನಲ್ಲಿ ಎಲ್ಲರಿಗೂ ಅಂಗಿಯ ಯಾವುದೋ ಒಂದು ತುಂಡಿನ ಹೆಸರೇ. ಕೊರಳುಪಟ್ಟಿ ಹೊಲಿಯುವವಳು ಕಾಲರಕ್ಕ. ಜೇಬು ಕೂರಿಸುವ ಹುಡುಗಿ ಜೇಬು. ಎಲ್ಲರಿಗಿಂತ ಹಿರಿಯಳು, ಕಣ್ಣು ಮಂಜಾದರೂ ಬೆರಳ ತುದಿಯಲ್ಲೇ ತೋಳಿನ ಅಂಚು ಹಿಡಿದು ಸೂಜಿಗೆ ಕೊಡುವವಳು ತೋಳಜ್ಜಿ.

ಕಾಲರಕ್ಕನಿಗೆ ಆ ಮಾತು ಕೇಳಿದಾಗಿನಿಂದ ಅದೇ ಯೋಚನೆ. ಈ ಕೆಲಸ ಹೋದರೆ ಇನ್ನೊಂದು ಕಾರ್ಖಾನೆಯ ಬಾಗಿಲು ತಟ್ಟುವ ವಯಸ್ಸಲ್ಲ ಅವಳದು. ತಟ್ಟಿದರೂ ಏನೆಂದು ಹೇಳಿಕೊಳ್ಳುವುದು? ಕಾಲರ್ ಬರುತ್ತದೆ ಎಂದೇ? ಇಷ್ಟು ವರ್ಷ ಹೊಲಿದೂ ಅವಳಿಗೆ ಒಂದು ಇಡೀ ಅಂಗಿ ಹೊಲಿಯಲು ಬರುತ್ತಿರಲಿಲ್ಲ. ಲೈನಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬರಬಾರದೆಂದೇ ಲೈನು ಮಾಡಿಟ್ಟಿದ್ದರು. ಇಡೀ ಅಂಗಿ ಹೊಲಿಯಬಲ್ಲವಳು ನಾಳೆ ಸ್ವಂತ ಮಷಿನ್ ಹಾಕಿಕೊಂಡು ಹೊರಟುಬಿಟ್ಟಾಳು. ಬರೀ ತೋಳು ಗೊತ್ತಿರುವವಳು ಎಲ್ಲಿಗೆ ಹೋಗುತ್ತಾಳೆ?

ಮನೆಯಲ್ಲಿ ಒಬ್ಬಳು ನಾದಿನಿ ಇದ್ದಳು, ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು. ಕಾಲರಕ್ಕ ಅಂದಿನವರೆಗೂ ಅವಳ ಇಂಗ್ಲಿಷನ್ನು ಆಡಿಕೊಂಡೇ ಬಂದಿದ್ದಳು. ಮರುದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ನಾದಿನಿಯ ಹಿಂದೆ ನಿಂತು, ಬಾಚಣಿಗೆ ಕಸಿದುಕೊಂಡು, ತಾನೇ ಸಿಕ್ಕು ಬಿಡಿಸತೊಡಗಿದಳು.

"ಏನತ್ತಿಗೆ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದಳು ನಾದಿನಿ ಕನ್ನಡಿಯಲ್ಲೇ ನೋಡುತ್ತ.

"ದಿನಾ ಜಡೆ ಹಾಕ್ತೀನಿ. ಹಾಕೋ ಹೊತ್ತಲ್ಲಿ ನೀನು ನಂಗೆ ವ್ಯಾಕರಣ ಹೇಳು."

"ಜಡೆಗೆ ಮೂರು ಎಳೆ. ಸರಿ, ಕ್ರಿಯಾಪದಕ್ಕೂ ಮೂರೇ ರೂಪ. ಅಲ್ಲಿಂದಾನೇ ಶುರು ಮಾಡೋಣ," ಎಂದು ನಕ್ಕಳು ನಾದಿನಿ.

ಹಾಗೆ ಶುರುವಾಯಿತು. ಗೋ, ವೆಂಟ್, ಗಾನ್. ಟೇಕ್, ಟುಕ್, ಟೇಕನ್. ಕಟ್, ಕಟ್, ಕಟ್. "ಅಯ್ಯೋ, ಇದೊಂದು ಪಾಪದ್ದು, ಬದಲಾಗಿಯೇ ಇಲ್ಲ ನೋಡು," ಎಂದು ಕಾಲರಕ್ಕ ಅದರ ಮೇಲೆ ಪ್ರೀತಿ ಇಟ್ಟುಕೊಂಡಳು. ವಾಕ್ಯ ಎಂದರೆ ಬಹಳ ದೊಡ್ಡದೇನಲ್ಲ, ಯಾರು ಏನು ಮಾಡಿದರು ಎನ್ನುವುದಷ್ಟೇ ಎಂದಳು ನಾದಿನಿ. ಯಾರು ಎನ್ನುವುದು ಸಬ್ಜೆಕ್ಟು. ಮಾಡಿದ್ದು ಕ್ರಿಯಾಪದ. ಯಾವುದನ್ನು ಎನ್ನುವುದು ಆಬ್ಜೆಕ್ಟು.

"ನಮ್ಮ ಮಾತಲ್ಲಿ ಮಾಡಿದ್ದು ಕೊನೆಗೆ ಬರುತ್ತೆ ಅತ್ತಿಗೆ. ಅವರದರಲ್ಲಿ ಹಾಗಲ್ಲ. ಆಳು ಬಂದ ಅಂದ್ರೆ ಹಿಂದೇನೇ ಕೆಲಸ."

"ನಮ್ಮ ಕಾರ್ಖಾನೆ ಹಂಗೇ ಅನ್ನು. ಒಳಗೆ ಕಾಲಿಟ್ಟ ಕೂಡಲೇ ಕೆಲಸ, ಕೂತ್ಕೋ ಅನ್ನೋದೇ ಇಲ್ಲ."

"ಮತ್ತೆ ಫ್ರೇಸ್ ಅಂತ ಒಂದಿದೆ. 'ಆನ್ ದಿ ಟೇಬಲ್'. ಮೇಜಿನ ಮೇಲೆ ಅಂತ ಹೇಳಿ ಸುಮ್ನಾದ್ರೆ, ಏನಪ್ಪಾ ಮೇಜಿನ ಮೇಲೆ ಅಂತ ಕೇಳಬೇಕು ಅನ್ಸುತ್ತಲ್ಲ? ಅದು ಫ್ರೇಸು. ತಾನೇ ನಿಲ್ಲಲ್ಲ, ಯಾರದಾದರೂ ಹೆಗಲು ಬೇಕು ಅದಕ್ಕೆ."

ಕಾಲರಕ್ಕ ಇದನ್ನೆಲ್ಲ ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಹೊತ್ತುಕೊಂಡು ಹೋಗಿ, ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೇಜಿನ ಮೇಲೆ ಸುರಿದಳು. ಮೊದಲ ದಿನವೇ ಗುಂಡಿ ತಲೆಯ ಮೇಲೆ ಕೈ ಹೊತ್ತು ಕೂತಳು.

"ಇಷ್ಟನ್ನೂ ನನ್ನ ತಲೆಗೆ ತುರುಕಬೇಡ ಕಣಕ್ಕ, ಹೊಲಿಗೆ ಬಿಚ್ಚಿಕೊಂಡು ಹೋಗುತ್ತೆ."

ತೋಳಜ್ಜಿ ಊಟದ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ಅದನ್ನು ಕಂಡೇ ಕಾಲರಕ್ಕನಿಗೆ ಆ ಉಪಾಯ ಹೊಳೆದದ್ದು. ಹೊರಗಿನವರಿಗೆ ಹೊಳೆಯಲಾರದ ಉಪಾಯ. ಲೈನಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳಿಗೆ ಮಾತ್ರ ಸಹಜವೆನಿಸುವ ಉಪಾಯ.

"ನಾವೇನು ಒಬ್ಬೊಬ್ಬರೇ ಇಡೀ ಅಂಗಿ ಹೊಲೀತೀವಾ?" ಎಂದಳು. "ಇದನ್ನೂ ಹಂಚಿಕೊಳ್ಳೋಣ. ಯಾರು ಅನ್ನೋದು ನಂದು. ಗುಂಡಿ, ಮೂರು ರೂಪ ನಿಂದು, ಬಾಯಿ ಜೋರು ನಿಂದೇ. ಜೇಬು, ಯಾವುದನ್ನು ಅನ್ನೋದು ನಿನ್ನ ಜೇಬಲ್ಲಿರಲಿ. ಅಜ್ಜಿ, ನಿಂಗೆ ಕೊನೇ ತುಂಡು. ಎಲ್ಲಿ, ಎಲ್ಲಿಂದ, ಯಾರ ಜೊತೆ. ಆನ್ ದಿ, ಇನ್ ದಿ, ಫ್ರಮ್ ಮೈ. ಅಷ್ಟೇ."

"ಅಷ್ಟೇ ತಾನೇ?" ಎಂದಳು ತೋಳಜ್ಜಿ. ಮುಚ್ಚಳ ಸದ್ದು ನಿಲ್ಲಿಸಿತು.

ಆಮೇಲಿನ ಬಿಡುವುಗಳಲ್ಲಿ ಆ ಮೇಜು ಇನ್ನೊಂದು ಲೈನೇ ಆಯಿತು. ಕಾಲರಕ್ಕ "ದಿ ಗರ್ಲ್" ಎಂದು ತಳ್ಳಿದರೆ ಗುಂಡಿ ಗಬಕ್ಕನೆ "ಕಟ್!" ಎನ್ನುವಳು, ಜೇಬು "ದಿ ಕ್ಲಾತ್" ಎಂದು ಸೇರಿಸುವಳು, ತೋಳಜ್ಜಿ ಕಣ್ಣು ಮುಚ್ಚಿಕೊಂಡು "ಆನ್ ದಿ ಟೇಬಲ್" ಎಂದು ಅಂಚು ಮಡಚುವಳು. ಎಲ್ಲಾದರೂ ತಪ್ಪಿದರೆ "ಬಿಚ್ಚು, ಬಿಚ್ಚು, ಮತ್ತೆ ಹೊಲಿ" ಎಂದು ಮೇಜು ಕುಟ್ಟುವರು. ಒಮ್ಮೆ ಗುಂಡಿ "ದಿ ಗರ್ಲ್" ಪಕ್ಕ "ಟೇಕನ್" ಇಟ್ಟಳು. ನಾದಿನಿಯನ್ನು ಕೇಳಿಕೊಂಡು ಬಂದ ಮೇಲೆ ಕಾಲರಕ್ಕ ಅದನ್ನು ಬಿಚ್ಚಿಸಿ "ಟುಕ್" ಹಾಕಿಸಿದಳು. ದಿನಗಳು ಕಳೆದಂತೆ ವಾಕ್ಯಗಳು ಮೇಜಿನ ಆ ತುದಿಯಿಂದ ಈ ತುದಿಗೆ ಸರಾಗವಾಗಿ ಓಡತೊಡಗಿದವು.

ಪರೀಕ್ಷೆ ಹೇಗಿರುತ್ತದೆ ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಏಕೆ ಕೇಳಬೇಕು? ಅಲ್ಲಿ ಯಾವುದನ್ನು ಅಳೆದರೂ ಲೈನಿನ ಲೆಕ್ಕದಲ್ಲೇ ಅಳೆಯುತ್ತಿದ್ದರು. ಒಬ್ಬಳ ಕೊರಳುಪಟ್ಟಿ ವಾರೆಯಾದರೆ ಇಡೀ ಲೈನು ಎದ್ದು ನಿಂತು ಬೈಗುಳ ತಿನ್ನಬೇಕು. ಒಬ್ಬಳು ಕಕ್ಕಸಿಗೆ ಹೋಗಿ ತಡವಾಗಿ ಬಂದರೆ ಇಡೀ ಲೈನಿನ ಚಹಾದ ಬಿಡುವಿಗೆ ಕತ್ತರಿ. 'ಲೈನು ಸರಿಯಿಲ್ಲ' ಎಂದೇ ಸೂಪರ್‌ವೈಸರ್ ಬಾಯಿ ಬಿಡುತ್ತಿದ್ದುದು. ಹೀಗಿರುವಾಗ ಪರೀಕ್ಷೆಯೂ ಲೈನಿಗೇ ಎಂದು ಅವರು ನಂಬಿದ್ದರಲ್ಲಿ ದಡ್ಡತನ ಇತ್ತು ಎನ್ನುವವರು ಒಂದು ದಿನ ಆ ಲೈನಿನಲ್ಲಿ ಕೂತು ನೋಡಲಿ.

ಪರೀಕ್ಷೆಯ ಹಿಂದಿನ ದಿನ ಕೆಲಸ ಬಿಡುವ ಗಂಟೆ ಹೊಡೆದಾಗ ಸೂಪರ್‌ವೈಸರ್ ಬಾಗಿಲಿಗೆ ಅಡ್ಡ ನಿಂತ.

"ನಾಳೆ ಕೂಗಿದವರು ಎದ್ದು ಒಳಗೆ ಬರಬೇಕು. ಒಬ್ಬೊಬ್ಬರಾಗಿ."

"ಒಬ್ಬೊಬ್ಬರಾಗಿಯಾ?" ಎಂದಳು ಕಾಲರಕ್ಕ. ತನ್ನ ದನಿ ತನಗೇ ದೂರದಿಂದ ಕೇಳಿಸಿತು.

"ಮತ್ತೇನು, ಮೆರವಣಿಗೆ ಬರ್ತೀರಾ?"

ಒಂದಿಬ್ಬರು ನಕ್ಕರು. ಆ ನಗು ಬಾಗಿಲು ದಾಟುವ ಮೊದಲೇ ಸತ್ತಿತು.

ಬಸ್ ನಿಲ್ದಾಣದಲ್ಲಿ ಯಾರೂ ಬಸ್ಸಿನ ಕಡೆ ನೋಡಲಿಲ್ಲ. ಜೇಬು ಗುಂಡಿಯ ತೋಳು ಹಿಡಿದು "ಅಕ್ಕ, ಬೇಗ ಬೇಗ ಹೇಳು, ಕ್ರಿಯಾಪದ ಎಲ್ಲಾ ಹೇಳಿಬಿಡು," ಎಂದು ಗೋಗರೆಯುತ್ತಿದ್ದಳು. ಗುಂಡಿ ಹೇಳುತ್ತಲೇ ಹೋದಳು, ಆದರೆ ಅವಸರಕ್ಕೆ ರೂಪಗಳೆಲ್ಲ ಕಲಸಿಹೋದವು. ವೆಂಟ್ ಹಿಂದೆ ಟೇಕನ್ ಬಂತು, ಗಾನ್ ಎಲ್ಲೋ ಬಿದ್ದುಹೋಯಿತು. ತೋಳಜ್ಜಿ ಬೆಂಚಿನ ತುದಿಯಲ್ಲಿ ಕೂತು "ಆನ್ ದಿ ಟೇಬಲ್. ಇನ್ ದಿ ಬಾಕ್ಸ್. ಫ್ರಮ್ ಮೈ ಹ್ಯಾಂಡ್," ಎಂದು ತನಗಿದ್ದಷ್ಟನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದಳು.

"ಅಜ್ಜಿ, ಅದರ ಮುಂದೆ ಯಾರು ಅನ್ನೋದು ಇಡಬೇಕು. 'ಐ' ಅಂತ ಇಡು. ಐ ಅಂದ್ರೆ ನಾನು," ಎಂದಳು ಕಾಲರಕ್ಕ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು.

"ಐ ಆನ್ ದಿ ಟೇಬಲ್."

"ಅಯ್ಯೋ, ನೀನ್ಯಾಕೆ ಮೇಜಿನ ಮೇಲೆ ಹತ್ತಿದೆ ಅಜ್ಜಿ? ಮಧ್ಯೆ ಏನಾದ್ರೂ ಮಾಡಬೇಕು."

"ಮಧ್ಯದ್ದು ಗುಂಡೀದು ಕಣೆ. ನಂಗೆ ಅದನ್ನ ನೀನು ಕೊಡಲೇ ಇಲ್ಲ."

ಅದರಲ್ಲಿ ದೂರು ಇರಲಿಲ್ಲ. ಅದೇ ಕಾಲರಕ್ಕನ ಎದೆಗೆ ಚುಚ್ಚಿದ್ದು. ಗುಂಡಿ ಮಾತ್ರ ಸುಮ್ಮನಿರಲಿಲ್ಲ. ಬಸ್ಸು ಹತ್ತುವಾಗ ತಿರುಗಿ ನೋಡಿ ಹೇಳಿದಳು:

"ನಿಂಗೇನು ಬಿಡಕ್ಕ. ನಿನ್ನ ನಾದಿನಿ ನಿಂಗೆ ಇಡಿಯಾಗೇ ಕೊಟ್ಟಿದ್ದಾಳೆ. ತುಂಡು ಮಾಡಿ ಹಂಚಿದ್ದು ನಮಗೆ ತಾನೇ."

ಹೌದು. ಬಸ್ಸಿನ ಕಂಬಿ ಹಿಡಿದು ನಿಂತಾಗ ಆ ಮಾತು ಕಾಲರಕ್ಕನ ಮೈಯಲ್ಲಿ ಇಳಿಯುತ್ತ ಹೋಯಿತು. ಎಲ್ಲ ತುಂಡುಗಳೂ ಅವಳ ಕೈ ಹಾದೇ ಹೋಗಿದ್ದವು. ಇಡೀ ಅಂಗಿ ನೋಡಿದ್ದವಳು ಅವಳೊಬ್ಬಳೇ. ನಾಳೆ ಒಳಗೆ ಹೋದರೆ ಅವಳು ಉಳಿಯುತ್ತಾಳೆ. ಉಳಿದವರು ಅವಳ ಉಪಾಯದಿಂದಲೇ ಮುಳುಗುತ್ತಾರೆ.

ಮನೆಯಲ್ಲಿ ನಾದಿನಿ ಬಾಯಿಗೆ ಬಂದದ್ದನ್ನೆಲ್ಲ ಕೇಳಿ ನೋಡಿದಳು. ಕಾಲರಕ್ಕ ಎಲ್ಲದಕ್ಕೂ ಉತ್ತರ ಹೇಳಿದಳು.

"ಪಾಸಾಗ್ತೀಯ ಅತ್ತಿಗೆ. ಕಣ್ಣು ಮುಚ್ಚಿಕೊಂಡು ಪಾಸಾಗ್ತೀಯ."

"ಅವರು?"

ನಾದಿನಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಅವರಿಗೆ ನೀನು ಈಗ ಏನು ಮಾಡೋಕಾಗುತ್ತೆ? ನಿನ್ನ ಪಾಡು ನೀನು ನೋಡ್ಕೋ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಕಾಲರಕ್ಕ ಅರ್ಧ ಊಟಕ್ಕೇ ಎದ್ದಳು.

ಬೆಳಿಗ್ಗೆ ಕಾರ್ಖಾನೆಯ ಮೂಲೆಯ ಗಾಜಿನ ಕೋಣೆಯಲ್ಲಿ ಪರೀಕ್ಷೆ ಮಾಡುವಾಕೆ ಬಂದು ಕೂತಿದ್ದಳು. ಇಸ್ತ್ರಿ ಮಾಡಿದ ಅಂಗಿ, ಮುಂದೆ ಒಂದು ಮೇಜು. ಮೇಜಿನ ಪಕ್ಕ ಸೂಪರ್‌ವೈಸರ್. ಹೊರಗೆ ಮಷಿನ್ನುಗಳು ಓಡುತ್ತಿದ್ದವು, ಆದರೆ ಎಲ್ಲರ ಕಣ್ಣೂ ಗಾಜಿನ ಮೇಲೆ. ಕಾಲರಕ್ಕನ ಕೈ ಬೆವರಿ ಬಟ್ಟೆಗೆ ಕಲೆ ಬೀಳುತ್ತಿತ್ತು. ಅವಳು ಮೊಣಕಾಲಿಗೆ ಒರೆಸಿಕೊಂಡಷ್ಟೂ ಮತ್ತೆ ಬೆವರಿತು.

"ತೋಳು!" ಎಂದು ಕೂಗಿದ ಸೂಪರ್‌ವೈಸರ್.

ತೋಳಜ್ಜಿ ಎದ್ದಳು. ಹಿಡಿಕೆಗೆ ಕೆಂಪು ಚಿಂದಿ ಸುತ್ತಿದ ತನ್ನ ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದಳು, ಯಾವಾಗಲೂ ಹೋಗುವಂತೆ. ಗಾಜಿನಾಚೆ ಬಾಯಿಗಳು ಅಲ್ಲಾಡಿದ್ದು ಮಾತ್ರ ಕಾಣುತ್ತಿತ್ತು. ಪರೀಕ್ಷೆಯಾಕೆ ಏನೋ ತೋರಿಸಿದಳು. ಅಜ್ಜಿಯ ತುಟಿ ತೆರೆಯಿತು, ನಿಂತಿತು, ಮತ್ತೆ ತೆರೆಯಿತು. ಆಮೇಲೆ ಸೂಪರ್‌ವೈಸರ್ ಕೈ ಚಾಚಿ ಅವಳ ಕೈಯಿಂದ ಕತ್ತರಿ ತೆಗೆದುಕೊಂಡು ಮೇಜಿನ ಮೇಲಿಟ್ಟ.

ಹೊರಗೆ ಬಂದ ಅಜ್ಜಿ ತನ್ನ ಮಷಿನ್ನಿನ ಹತ್ತಿರ ಹೋಗದೆ ಗೋಡೆಗೆ ಆತು ನಿಂತಳು.

"ಏನಾಯ್ತಜ್ಜಿ?" ಗುಂಡಿಯ ದನಿ ಪಿಸುಗುಟ್ಟಿತು.

"ಆನ್ ದಿ ಟೇಬಲ್ ಅಂದೆ. ಆಮೇಲೆ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ." ಖಾಲಿ ಕೈಯನ್ನು ಇನ್ನೊಂದು ಕೈಯಿಂದ ಸವರಿಕೊಂಡಳು. "ಕತ್ತರಿ ಕಾರ್ಖಾನೇದಂತೆ, ಬಿಟ್ಟು ಹೋಗಬೇಕಂತೆ."

"ಕಾಲರ್!"

ಕಾಲರಕ್ಕ ಎದ್ದು ಒಳಗೆ ನಡೆದಳು. ಗಾಜಿನ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಮಷಿನ್ನುಗಳ ಸದ್ದು ಒಮ್ಮೆಲೆ ಕಡಿಮೆಯಾಗಿ, ತನ್ನ ಉಸಿರು ತನಗೇ ಜೋರಾಗಿ ಕೇಳಿಸಿತು.

ಪರೀಕ್ಷೆಯಾಕೆ ಒಂದು ಚಿತ್ರ ಎತ್ತಿ ತೋರಿಸಿದಳು. ಹುಡುಗಿಯೊಬ್ಬಳು ಬಾಗಿಲು ತೆರೆಯುತ್ತಿದ್ದಾಳೆ. ಕಾಲರಕ್ಕನ ಬಾಯಿಂದ ತುಂಡು ತುಂಡು ಒಂದರ ಹಿಂದೊಂದು ಬಂದು ಕೂಡಿಕೊಂಡವು. "ದಿ ಗರ್ಲ್ ಈಸ್ ಓಪನಿಂಗ್ ದಿ ಡೋರ್." ಇದೇ ನಿನ್ನೆ ಆಗಿದ್ದರೆ ಎಂದು ಆಕೆ ಕೇಳಿದಳು. "ದಿ ಗರ್ಲ್ ಓಪನ್ಡ್ ದಿ ಡೋರ್."

"ಗುಡ್," ಎಂದು ಆಕೆ ಪೆನ್ನಿನಿಂದ ಗೀಟು ಹಾಕಿದಳು. ಸೂಪರ್‌ವೈಸರನ ಹುಬ್ಬು ಮೇಲೇರಿತು.

ಆ ಒಂದು ಗೀಟಿಗೆ ಕಾಲರಕ್ಕನ ಜೀವ ತಂಪಾಯಿತು. ಉಳಿದೆ ಎನ್ನಿಸಿತು. ಆ ತಂಪು ಎಷ್ಟು ಸುಖವಾಗಿತ್ತೆಂದರೆ ಅವಳಿಗೆ ತನ್ನ ಮೇಲೇ ಹೇಸಿಗೆ ಬಂತು.

"ಇನ್ನೊಂದು ಹೇಳಿ ಸಾಕು," ಎಂದಳು ಆಕೆ. ಚಿತ್ರ ಹುಡುಕಲು ಬೇಸರವಾಯಿತೇನೋ, ಮೇಜಿನ ಮೇಲೆ ಬಿದ್ದಿದ್ದುದನ್ನೇ ಪೆನ್ನಿನಿಂದ ತೋರಿಸಿದಳು. "ಇದರ ಬಗ್ಗೆ ಒಂದು ವಾಕ್ಯ."

ಕೆಂಪು ಚಿಂದಿ ಸುತ್ತಿದ ಕತ್ತರಿ.

ಕಾಲರಕ್ಕ ಬಾಯಿ ತೆರೆದಳು. ಕತ್ತರಿ ಮೇಜಿನ ಮೇಲಿದೆ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ಮೇಲೆ ಇಡೀ ವಾಕ್ಯ ಹೊಲಿದು, ಮಡಚಿ, ಸಿದ್ಧವಾಗಿ ಕೂತಿತ್ತು. ಆದರೆ ಆ 'ಮೇಜಿನ ಮೇಲೆ' ಅವಳದಲ್ಲ. ಕಣ್ಣು ಮುಚ್ಚಿಕೊಂಡು ಅಂಚು ಮಡಚುವಂತೆ ಅದನ್ನು ಹೇಳುತ್ತಿದ್ದವಳು ಗಾಜಿನಾಚೆ ಗೋಡೆಗೆ ಆತು ನಿಂತಿದ್ದಳು. ಕತ್ತರಿ ಮೇಜಿನ ಮೇಲೆ ತಾನಾಗಿ ನಡೆದುಕೊಂಡು ಬಂದಿರಲೂ ಇಲ್ಲ.

"ದಿ ಸೂಪರ್‌ವೈಸರ್..." ಎಂದಳು ಕಾಲರಕ್ಕ. ಅಲ್ಲಿಗೆ ನಿಲ್ಲಿಸಿದಳು.

"ಹೂಂ, ಮುಂದೆ?"

"ಮುಂದಿನದು ನಂದಲ್ಲಮ್ಮ."

"ಅಂದ್ರೆ?"

ಕಾಲರಕ್ಕ ಹಿಂದಕ್ಕೆ ಸರಿದು ಬಾಗಿಲ ಹಿಡಿಕೆ ಹಿಡಿದಳು. ಬಾಗಿಲು ತೆರೆದುಕೊಂಡಿತು. ಮಷಿನ್ನುಗಳ ಸದ್ದು ಒಳಗೆ ನುಗ್ಗಿತು.

"ಗುಂಡಿ!" ಎಂದು ಕೂಗಿದಳು. "ನಿಂದು ಈಗ, ಬಾ!"

"ಏಯ್, ಯಾರನ್ನ ಕರೀತಿದೀಯ? ಮುಚ್ಚು ಬಾಗಿಲು!" ಎಂದ ಸೂಪರ್‌ವೈಸರ್.

ಗುಂಡಿ ಕೈಲಿದ್ದ ಅಂಗಿ ಕೆಳಗಿಟ್ಟಳು. ಆಮೇಲೆ ಎದ್ದು ಬಂದಳು. ಅವಳ ಹಿಂದೆ ಜೇಬು ಬಂದಳು. ಜೇಬು ಬರುವಾಗ ತೋಳಜ್ಜಿಯ ಮೊಣಕೈ ಹಿಡಿದುಕೊಂಡು ಬಂದಳು. ಚಿಕ್ಕ ಕೋಣೆ ತುಂಬಿಹೋಯಿತು.

"ಕತ್ತರಿ," ಎಂದಳು ಕಾಲರಕ್ಕ ಮೇಜಿನ ಕಡೆ ಕೈ ಮಾಡಿ. "ಏನಾಯ್ತು ಹೇಳೋಣ. ದಿ ಸೂಪರ್‌ವೈಸರ್..."

ಗುಂಡಿ ಮೇಜಿನ ಹತ್ತಿರ ಸರಿದಳು. "ಟೇಕ್... ಟುಕ್, ಟೇಕನ್..." ಬೆರಳು ಮಡಚಿದಳು. "ಟುಕ್!"

"ದಿ ಸಿಸರ್ಸ್," ಎಂದಳು ಜೇಬು. ಅವಳ ದನಿ ಅಳುವ ಹಾಗಿತ್ತು.

ಎಲ್ಲರೂ ಕಾದರು. ಪರೀಕ್ಷೆಯಾಕೆಯೂ ಕಾದಳು. ತೋಳಜ್ಜಿ ಅಭ್ಯಾಸದಂತೆ ಕಣ್ಣು ಮುಚ್ಚಿದಳು.

"ಫ್ರಮ್ ಮೈ ಹ್ಯಾಂಡ್."

ಮಷಿನ್ನುಗಳ ಸದ್ದು ಇಲ್ಲದ್ದನ್ನು ಆಗ ಕಾಲರಕ್ಕ ಗಮನಿಸಿದಳು. ಕಾಲರು ಇಲ್ಲ, ಜೇಬು ಇಲ್ಲ, ತೋಳು ಇಲ್ಲ. ಮುಂದಿನವರ ಕೈಗೆ ತುಂಡು ಬರದೆ ಲೈನು ನಿಂತುಹೋಗಿತ್ತು. ಎಲ್ಲರೂ ಕೈ ಕಟ್ಟಿಕೊಂಡು ಈ ಕಡೆಗೇ ನೋಡುತ್ತಿದ್ದರು.

"ಏನಿದು, ಮೆರವಣಿಗೇನಾ?" ಎಂದು ಕಿರುಚಿದ ಸೂಪರ್‌ವೈಸರ್.

"ನಿನ್ನೆ ನೀವೇ ಕೇಳಿದ್ರಲ್ಲ ಸಾರ್, ಬರ್ತೀರಾ ಅಂತ," ಎಂದಳು ಗುಂಡಿ.

ಪರೀಕ್ಷೆಯಾಕೆಯ ಪೆನ್ನು ಹಾಳೆಯ ಮೇಲೆ ಇಳಿಯದೆ ನಿಂತಿತ್ತು. "ವಾಕ್ಯ ಸರಿಯಿದೆ," ಎಂದಳು ನಿಧಾನವಾಗಿ. "ಆದರೆ ನಾನು ಯಾರಿಗೆ ಅಂತ ಗೀಟು ಹಾಕಲಿ?"

"ಲೈನಿಗೆ ಹಾಕಿ," ಎಂದಳು ಕಾಲರಕ್ಕ. "ತಪ್ಪಾದಾಗ ನಮ್ಮನ್ನ ಒಬ್ಬೊಬ್ಬರಾಗಿ ಯಾರೂ ಬೈದಿಲ್ಲಮ್ಮ. ಲೈನನ್ನೇ ಬೈದ್ರು. ಒಬ್ಬಳು ಕಕ್ಕಸಿಗೆ ಹೋದ್ರೆ ಲೈನಿನ ಚಹಾ ಹೋಯ್ತು. ಇವತ್ತು ಹೊರಗೆ ಹಾಕೋಕೆ ಮಾತ್ರ ನಾವು ಒಬ್ಬೊಬ್ಬರಾದ್ವಾ?"

"ನಿಮ್ಮದು ಆಗಲೇ ಪಾಸಾಗಿದೆಯಲ್ಲಮ್ಮ," ಎಂದಳು ಪರೀಕ್ಷೆಯಾಕೆ.

ಎಲ್ಲರೂ ಕಾಲರಕ್ಕನ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿದಳು. "ಹಾಗಾದ್ರೆ ಅದನ್ನ ಬಿಚ್ಚಿಬಿಡಿ," ಎಂದಳು.

ಗೋಡೆಯ ಫೋನು ಬಡಿದುಕೊಂಡಿತು. ಅಂಗಿ ಏಕೆ ಬರುತ್ತಿಲ್ಲ ಎಂದು ಪ್ಯಾಕಿಂಗ್ ಕಡೆಯಿಂದ ಯಾರೋ ಕೂಗಾಡುತ್ತಿದ್ದುದು ಎಲ್ಲರಿಗೂ ಕೇಳಿಸಿತು. ಸೂಪರ್‌ವೈಸರ್ "ಹೂಂ ಸಾರ್, ಈಗ ಸಾರ್" ಎನ್ನುತ್ತ ಬೆವರು ಒರೆಸಿಕೊಂಡ. ಪರೀಕ್ಷೆಯಾಕೆ ಹಾಳೆಗಳನ್ನು ಒಟ್ಟು ಮಾಡಿದಳು. ತನ್ನ ಕೈಯಲ್ಲಿ ಇದು ತೀರ್ಮಾನವಾಗುವಂಥದ್ದಲ್ಲ, ಮೇಲಿನವರಿಗೆ ತಿಳಿಸುತ್ತೇನೆ, ಬಹುಶಃ ಮತ್ತೊಮ್ಮೆ ಪರೀಕ್ಷೆ ಇಡುತ್ತಾರೆ ಎಂದಳು. ಬಹುಶಃ ಎನ್ನುವ ಮಾತನ್ನು ಎರಡು ಸಲ ಹೇಳಿದಳು.

"ಹೋಗಿ, ಹೋಗಿ ಕೂತ್ಕೊಳ್ಳಿ," ಎಂದ ಸೂಪರ್‌ವೈಸರ್. ಕತ್ತರಿಯನ್ನು ಅವನು ಎತ್ತಿ ಕೊಡಲಿಲ್ಲ. ಅಜ್ಜಿಯೇ ಮೇಜಿನ ಹತ್ತಿರ ಹೋಗಿ, ಕೆಂಪು ಚಿಂದಿಯನ್ನು ಬೆರಳಿಂದ ತಡವಿ ಗುರುತು ಹಿಡಿದು, ತೆಗೆದುಕೊಂಡಳು. ಅವನು ಗೋಡೆಯ ಕಡೆ ನೋಡುತ್ತಿದ್ದ.

ಮೇಲಿನವರು ಏನು ಹೇಳಿದರೆಂದು ಮರುದಿನ ಯಾರಿಗೂ ತಿಳಿಯಲಿಲ್ಲ, ಅದರ ಮರುದಿನವೂ ತಿಳಿಯಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಇಡೀ ಲೈನಿನ ಸೂಜಿಗಳು ಒಂದು ಹೊಲಿಗೆ ತಡೆದು ಓಡುತ್ತಿದ್ದವು. ತೋಳಜ್ಜಿ ಕತ್ತರಿಯನ್ನು ದಾರದಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಒಂದು ಊಟದ ಬಿಡುವಿನಲ್ಲಿ ಗುಂಡಿ ಕಾಲರಕ್ಕನ ಡಬ್ಬಿಗೆ ಕೇಳದೆ ಕೈ ಹಾಕಿ ತಿಂದಳು. ಅವರಿಬ್ಬರ ನಡುವಿನ ಮುನಿಸು ಹಾಗೆ ಮುಗಿಯಿತು.

ಆ ಬಿಡುವಿನಲ್ಲಿ ಕಾಲರಕ್ಕ ಎಲ್ಲ ತುಂಡುಗಳನ್ನೂ ಅಜ್ಜಿಯ ಮುಂದಿಟ್ಟಳು.

"ಇವತ್ತಿಂದ ಇಡೀ ಅಂಗಿ ಅಜ್ಜಿ. ಎಲ್ಲರೂ ಇಡೀ ಅಂಗಿ. ಒಬ್ಬೊಬ್ಬರಾಗಿ ಕರೆದ್ರೂ ಆಗಬೇಕು, ಒಟ್ಟಿಗೆ ಹೋದ್ರೂ ಆಗಬೇಕು."

"ಈ ವಯಸ್ಸಿನಲ್ಲಾ?"

"ಈ ವಯಸ್ಸಲ್ಲೇ."

ಅಜ್ಜಿ ಕಣ್ಣು ಮುಚ್ಚಿದಳು. "ದಿ ಸೂಪರ್‌ವೈಸರ್..." ಎಂದಳು. ನಿಂತಳು. ಬೆರಳು ಸೊಂಟದ ಕತ್ತರಿಯನ್ನು ಹುಡುಕಿತು. ಗುಂಡಿಯ ನಾಲಿಗೆಯ ತುದಿಗೆ ಮುಂದಿನ ಪದ ಬಂದು ನಿಂತಿತ್ತು. ಅವಳು ಸೆರಗು ಕಚ್ಚಿ ಹಿಡಿದಳು. ಜೇಬು ಉಸಿರು ಬಿಗಿಹಿಡಿದಳು. ಮೆಟ್ಟಿಲ ಮೇಲೆ ಎಲ್ಲೋ ಬೂಟಿನ ಸದ್ದಾಯಿತು, ಯಾರೂ ತಲೆ ಎತ್ತಲಿಲ್ಲ. ಅಜ್ಜಿಯ ತುಟಿ ಅಲ್ಲಾಡುತ್ತಿತ್ತು. ಅವರು ಕಾಯುತ್ತಿದ್ದರು.